ಮೂರೇ ಸಿಲಿಂಡರಿನ ಮೇಲೆ ಎಸ್ಸೆಸ್ಸೆಲ್ಸಿ

ನಮ್ಮ ಕಾರಿಗೆ ರೋಗ ಬಂದದ್ದು ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದ ಸೋಮವಾರವೇ. ಹಿಂದಿನ ದಿನ ಬರಬಹುದಿತ್ತು, ಪರೀಕ್ಷೆ ಮುಗಿದ ಮೇಲೆ ಬರಬಹುದಿತ್ತು. ಉಹೂಂ! ಅರವತ್ತೆರಡನೇ ಇಸವಿಯ ಆ ಸೋಮವಾರವೇ ಬೇಕಾಗಿತ್ತು ಅದಕ್ಕೆ.

ನಮ್ಮಪ್ಪ ಚೆನ್ನರಾಯಪ್ಪನವರು ಮೊದಲೇ ಹೇಳಿಬಿಟ್ಟಿದ್ದರು. "ಒಂದೇ ಸಲ ಕಣಮ್ಮ. ಪಾಸಾದ್ರೆ ಮುಂದಕ್ಕೆ ಓದು. ಫೇಲಾದ್ರೆ ಮಂಚೇನಹಳ್ಳಿ ಹುಡುಗನಿಗೆ ಹ್ಞೂಂ ಅನ್ನು." ಆ ಹುಡುಗ ನನ್ನನ್ನು ನೋಡಲು ಬಂದು, ಮಾತಾಡುವಷ್ಟು ಹೊತ್ತೂ ಹುರಿದ ಕಡಲೇಕಾಯಿ ಸುಲಿದು ತಿನ್ನುತ್ತಿದ್ದ. ಸಿಪ್ಪೆಯನ್ನು ಅಲ್ಲೇ ಚಾಪೆಯ ಮೇಲೆ ಹಾಕಿದ್ದ. ಅವನನ್ನು ನೆನೆದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪರೀಕ್ಷೆ ಚಿಂತಾಮಣಿಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ನಮ್ಮೂರು ಕೆಂಚಾರ್ಲಹಳ್ಳಿಯಿಂದ ಸಿಗುವ ಬಸ್ಸು ಅಲ್ಲಿ ಮುಟ್ಟುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ಹಾಗಾಗಿ ಕಾರೇ ಗತಿ. ಆ ಸೋಮವಾರ ಅದು ಅಂಗಳದಲ್ಲೇ ನಡುಗಲು ಶುರುಮಾಡಿತು. ಡಬ್ ಡಬ್ ಡಬ್, ಆಮೇಲೆ ಒಂದು ಖಾಲಿ. ಮತ್ತೆ ಡಬ್ ಡಬ್ ಡಬ್, ಮತ್ತೊಂದು ಖಾಲಿ. ಕೆರೆ ಏರಿಯ ಏರು ಹತ್ತಲಾರದೆ ನಿಂತೇಬಿಟ್ಟಿತು. ಹಾಲ್‌ಟಿಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಲಂಗ ಎತ್ತಿಕಟ್ಟಿ, ಅಪ್ಪ ಸ್ಟೀರಿಂಗ್ ಹಿಡಿದಿದ್ದ ಕಾರನ್ನು ಹಿಂದಿನಿಂದ ತಳ್ಳಿದೆ. ಪರೀಕ್ಷೆಯ ಕೋಣೆ ಸೇರಿದಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. "ಅರ್ಧ ಗಂಟೆ ದಾಟಿದ್ರೆ ಬಾಗಿಲು ಹಾಕ್ತೀವಿ, ತಿಳ್ಕೋ" ಎಂದರು ಅಲ್ಲಿದ್ದ ಮೇಷ್ಟ್ರು.

ಮಧ್ಯಾಹ್ನ ಹೊರಗೆ ಬಂದಾಗ ಕಾರು ಮೆಕ್ಯಾನಿಕ್ ವಜೀರ್ ಸಾಹೇಬರ ಷೆಡ್ಡಿನಲ್ಲಿತ್ತು. ಅವರು ಇಂಜಿನ್ ಓಡಲು ಬಿಟ್ಟು, ಕೈಗೆ ಒಣ ಬಟ್ಟೆ ಸುತ್ತಿಕೊಂಡು, ನಾಲ್ಕು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಹಾಕಿ ನೋಡುತ್ತಿದ್ದರು. ಹಿಂದಿನ ಮೂರರಲ್ಲಿ ಯಾವುದನ್ನು ಕಿತ್ತರೂ ಇಂಜಿನ್ ಮುಗ್ಗರಿಸಿತು. ಮುಂದಿನದನ್ನು ಕಿತ್ತರೆ ಅದಕ್ಕೆ ಗೊತ್ತೇ ಆಗಲಿಲ್ಲ. "ಈ ಸಿಲಿಂಡರೇ ಕೆಲಸ ಮಾಡ್ತಿಲ್ಲ" ಎಂದರು. ಪ್ಲಗ್ಗು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದರು, ಉಪ್ಪುಕಾಗದದಿಂದ ತಿಕ್ಕಿದರು, ತುದಿಯ ಸಂದಿಗೆ ಗರಗಸದ ಬ್ಲೇಡು ತೂರಿಸಿ ಅಳತೆ ನೋಡಿದರು, ಒರೆಸಿ ತಿರುಗಿ ಹಾಕಿದರು. "ಪ್ಲಗ್ಗಿನ ಮೇಲೆ ಏನೂ ಬೀಳ್ದಂಗೆ ನೋಡ್ಕೊಳ್ಳಿ ಗೌಡ್ರೆ, ಒಣಗಿರ್ಬೇಕು" ಎಂದು ಅಪ್ಪನಿಗೆ ಹೇಳಿದರು. "ನಾವೇನಯ್ಯ ಅದರ ಮೇಲೆ ಬೀಳಿಸ್ತೀವಿ!" ಎಂದು ಅಪ್ಪ ಗದರಿದರು. ವಾಪಸ್ ಬರುವಾಗ ಕಾರು ಅದೇ ಏರಿಯನ್ನು ಸಲೀಸಾಗಿ ಹತ್ತಿತು.

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಡಬ್ ಡಬ್ ಡಬ್, ಖಾಲಿ. ಅದೇ ಏರಿ, ಅದೇ ತಳ್ಳಾಟ. ಇಪ್ಪತ್ತೆಂಟು ನಿಮಿಷ ತಡ. ಕಣ್ಣೀರು, ಬೆವರು ಎಲ್ಲ ಸೇರಿ ಉತ್ತರಪತ್ರಿಕೆ ಒದ್ದೆಯಾಯಿತು.

ಅವತ್ತು ಷೆಡ್ಡಿನಲ್ಲಿ ಅಪ್ಪ ಹೋ ಎಂದು ಕೂಗಾಡಿದರು. "ನಿನ್ನ ಕೈಗೆ ಕೊಟ್ಟಿದ್ದೇ ತಪ್ಪಾಯ್ತು! ನಾಳೆಯಿಂದ ನಮ್ಮ ಕಡೆಯೋರು ಯಾರೂ ನಿನ್ನ ಹತ್ರ ಬರದಂಗೆ ಮಾಡ್ತೀನಿ ನೋಡು." ವಜೀರ್ ಸಾಹೇಬರು ತಲೆಯೆತ್ತದೆ ಪ್ಲಗ್ಗು ಬಿಚ್ಚುತ್ತಲೇ ಇದ್ದರು. ಅಪ್ಪ ಕಾಫಿಗೆಂದು ಹೊರಟ ಮೇಲೆ ನನ್ನ ಸರದಿ.

"ಏನ್ ಸಾಬ್ರೆ, ನನ್ನ ಬಾಳು ಹಾಳು ಮಾಡ್ಬೇಕು ಅಂತಲೇ ಕೂತಿದೀರಾ? ಗುರುವಾರ ಗಣಿತ! ಫೇಲಾದ್ರೆ ಆ ಕಡಲೇಕಾಯಿ ಹುಡುಗನ್ನ ನೀವು ಕಟ್ಕೋತೀರಾ?"

ಅವರು ಒರೆಸಿದ ಬಟ್ಟೆಯನ್ನು ನನ್ನ ಮುಂದೆ ಬಿಡಿಸಿ ಹಿಡಿದರು. ಅರಿಶಿನದ ಹಳದಿ, ಅದರ ನಡುವೆ ಕುಂಕುಮದ ಕೆಂಪು.

"ಇದು ನಿಮ್ಮನೇದೇ ಅಲ್ವೇನಮ್ಮ? ಕಿಡಿ ಅನ್ನೋದು ಸೋಮಾರಿ. ಪ್ಲಗ್ಗಿನ ಬಿಳೀ ಪಿಂಗಾಣಿ ಮೇಲೆ ಹಸಿ ಅರಿಶಿನ ಇದ್ರೆ ಅದನ್ನೇ ಹಿಡ್ಕೊಂಡು ಹೊರಗಿಂದ ಹೊರಗೇ ಇಳಿದೋಗ್ತದೆ, ಒಳಗೆ ಉರಿಯಲ್ಲ. ನಿನ್ನೇನೂ ಇದೇ, ಇವತ್ತೂ ಇದೇ."

"ಮತ್ತೆ ಬಾಯಿಬಿಟ್ಟು ಹೇಳೋಕೇನು ನಿಮಗೆ?"

"ಯಾರೋ ಹಿರಿಯರು ಪೂಜೆ ಮಾಡಿ ಇಟ್ಟಿರೋದು. ಅದನ್ನ ಇಡ್ಬೇಡಿ ಅಂತ ನಾನು ಹೆಂಗಮ್ಮ ಹೇಳ್ಲಿ? ಬೈಸ್ಕೊಳ್ಳೋದೇ ವಾಸಿ. ನೀವಾದ್ರೆ ಮನೆ ಮಗಳು, ಹೇಳ್ಬಹುದು."

ಇನ್ಯಾರು, ನಮ್ಮಜ್ಜಿ ಕದಿರಮ್ಮ! ಆ ಎರಡೂ ದಿನ ಅಪ್ಪ ಬೆಳಿಗ್ಗೆ ನೀರು ಹಾಕಲು ಬಾನೆಟ್ ಎತ್ತಿದಾಗ ಅವಳು ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಲ್ಲೇ ಸುಳಿದಾಡುತ್ತಿದ್ದಳು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡಿದ್ದೆ, ಅಪ್ಪನಿಗೆ ಅದು ಹೊಸಿಲಿಗೆ ಅರಿಶಿನ ಇಟ್ಟಷ್ಟೇ ಮಾಮೂಲಿಯಾಗಿ ಕಂಡಿತ್ತು.

ಬುಧವಾರ ಪರೀಕ್ಷೆ ಇರಲಿಲ್ಲ. ಅಜ್ಜಿಗೆ ಹೇಳಬೇಕೆಂದು ಹತ್ತು ಸಲ ಹೋದೆ, ಹತ್ತು ಸಲವೂ ಅವಳು ತಿನ್ನಲು ಏನಾದರೂ ಕೈಗಿಟ್ಟಳು. ಹೇಳಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಅಪ್ಪ ಬಾನೆಟ್ ಎತ್ತಿದರು. ಅಜ್ಜಿ ಬೆರಳ ತುಂಬ ಹಸಿ ಅರಿಶಿನ ಮೆತ್ತಿಕೊಂಡು ಮುಂದಿನ ಪ್ಲಗ್ಗಿಗೆ ಹಚ್ಚಿಯೇಬಿಟ್ಟಳು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಬಿಡಜ್ಜಿ! ನೀನು ಮೆತ್ತೋದಕ್ಕೇ ಕಾರು ನಿಲ್ತಿರೋದು! ವಜೀರ್ ಸಾಬ್ರು ದಿನಾ ಒರೆಸ್ತಾರೆ, ನೀನು ದಿನಾ ಮೆತ್ತುತೀಯ! ಯಾರು ಹೇಳಿದ್ರು ನಿನಗೆ ಇದನ್ನ ಮಾಡು ಅಂತ?"

ಅಜ್ಜಿಯ ಕೈ ಅಲ್ಲೇ ನಿಂತಿತು.

"ಯಾರೂ ಹೇಳ್ಲಿಲ್ಲ ಕಣಮ್ಮ. ನಿನ್ನ ಪರೀಕ್ಷೆ ಮುಗಿಯೋವರೆಗೂ ದಾರೀಲಿ ಕೆಡ್ದೇ ಇರ್ಲಿ ಅಂತ ಹರಕೆ ಹೊತ್ತಿದ್ದೆ." ಆಮೇಲೆ ಮೆಲ್ಲಗೆ ಕೇಳಿದಳು: "ಎರಡು ದಿನ ನಿನ್ನ ಏರಿ ಮೇಲೆ ನಿಲ್ಸಿದ್ದು ನಾನೇನಮ್ಮ?"

ಅಪ್ಪ ನೆಲ ನೋಡಿದರು. ಅಜ್ಜಿ ತನ್ನ ಸೆರಗಿನಿಂದಲೇ ಆ ಪ್ಲಗ್ಗನ್ನು ಉಜ್ಜಿ ಉಜ್ಜಿ ಒರೆಸಿದಳು. ಒಂದು ಚೂರು ಹಳದಿಯೂ ಉಳಿಯದ ಹಾಗೆ. ಕಾರು ನಾಲ್ಕೂ ಸಿಲಿಂಡರಿನ ಮೇಲೆ ಏರಿ ಹತ್ತಿತು. ಗಣಿತಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಕೂತೆ, ಮೊದಲ ಲೆಕ್ಕಕ್ಕೆ ಕೈ ಹಚ್ಚುವವರೆಗೂ ಆ ಸೆರಗೇ ಕಣ್ಣ ಮುಂದಿತ್ತು. ಅಪ್ಪ ಅವತ್ತು ವಜೀರ್ ಸಾಹೇಬರ ಷೆಡ್ಡಿಗೆ ಹೋಗಿ, ಬಹಳ ಹೊತ್ತು ಹವಾಮಾನದ ಮಾತಾಡಿ, ಕೊನೆಗೆ "ತಪ್ಪಾಯ್ತಯ್ಯ" ಎಂದು ಹೇಳಿ ಬಂದರಂತೆ.

ಪಾಸಾದೆ. ಮಂಚೇನಹಳ್ಳಿಯವನಿಗೆ ಇಲ್ಲವೆಂದು ಹೇಳಿ ಕಳಿಸಿದ್ದಾಯಿತು. ಆದರೆ ಆ ಗುರುವಾರದಿಂದ ಅಜ್ಜಿ ಕಾರಿನ ಹತ್ತಿರ ಸುಳಿದಿರಲಿಲ್ಲ. ಬಾನೆಟ್ಟಿನ ಸದ್ದು ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಫಲಿತಾಂಶ ಬಂದ ದಿನ ನಾನೇ ತಟ್ಟೆ ತಂದು, ಬಾನೆಟ್ ಎತ್ತಿ, ಅವಳನ್ನು ಎಳೆದುಕೊಂಡು ಬಂದೆ.

"ಇವತ್ತು ಕಾರು ಎಲ್ಲಿಗೂ ಹೋಗಲ್ಲ. ಎಲ್ಲಿ ಬೇಕೋ ಅಲ್ಲಿ ಇಡಜ್ಜಿ."

"ಬೇಡಮ್ಮ," ಎಂದಳು ಕೈ ಹಿಂದಕ್ಕೆಳೆದು. "ಕಾರು ಕೆಮ್ತದೆ."

ಅವಳ ಕೈ ಹಿಡಿದು, ಪ್ಲಗ್ಗುಗಳಿಂದ ದೂರ, ರೇಡಿಯೇಟರಿನ ಮೇಲೆ ಅರಿಶಿನ ಕುಂಕುಮ ಇಡಿಸಿದೆ. ಅಜ್ಜಿಗೆ ಸಮಾಧಾನವಾಗಲಿಲ್ಲ. ಬಗ್ಗಿ ನಾಲ್ಕೂ ಪ್ಲಗ್ಗುಗಳನ್ನು ಒಂದೊಂದಾಗಿ ನೋಡಿದಳು.

"ನಿಮ್ಮಪ್ಪನ್ನ ಕರಿ," ಎಂದಳು. "ಒಂದ್ಸಲ ಸ್ಟಾರ್ಟ್ ಮಾಡ್ಲಿ, ಕೇಳಣ."