ಅಮರೇಶಪ್ಪನ ಮೀಸೆಗೆ ಹತ್ತಿದ ಬೆಳಕು

ಹುಣಸೆಹಣ್ಣೆಲ್ಲ ಕೋಲ್ಡ್ ಸ್ಟೋರೇಜ್ ಸೇರತೊಡಗಿದ ಮೇಲೆ ಹಿಂದೂಪುರದ ಪಂಪಮ್ಮನ ಗೋಡೌನ್ ಖಾಲಿ ಬಿದ್ದಿತ್ತು. ಕಡಲಜೀವಿಗಳ ಬಗ್ಗೆ ಓದಿಕೊಂಡಿದ್ದ ಮಗಳು ಶಿವಲೀಲಾ ಅಲ್ಲೊಂದು ಮ್ಯೂಸಿಯಂ ತೆರೆದಳು. ಅದೂ ಒಂದೇ ಒಂದು ಜೀವಿಗೆ. ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಬಾಯಿಯ ಸುತ್ತ ಹತ್ತು ಕೈಗಳಿರುವ ಸ್ಕ್ವಿಡ್, ಅದರ ಜಾತಿಯದು. ಬೆರಳುದ್ದ, ಜಪಾನಿನ ಕಡಲಲ್ಲಿ ನೀಲಿಯಾಗಿ ಮಿಣುಕುವಂಥದ್ದು. ಗಾಜಿನ ಭರಣಿಯಲ್ಲಿ ಸತ್ತದ್ದೊಂದಿತ್ತು. ಕತ್ತಲೆ ಕೋಣೆಯಲ್ಲಿ ಅದರದೇ ಆಳೆತ್ತರದ ಗೊಂಬೆ, ಮೈಗೆಲ್ಲ ಬೆಳಕಿನಲ್ಲಿ ಬೆಳ್ಳಗಿದ್ದು ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಬಣ್ಣ.

ಸುದ್ದಿ ಕಲ್ಯಾಣದುರ್ಗ ಮುಟ್ಟಿದ್ದೇ ಪಂಪಮ್ಮನ ಮೈದುನ ಅಮರೇಶಪ್ಪ ಬಸ್ಸು ಹತ್ತಿ ಬಂದ.

“ಲಿಂಗ ಕಟ್ಟಿದೋರ ಗೋಡೌನಾಗೆ ಚೇಪಲು ಇಟ್ಟವ್ಳಂತಲ್ಲ ಅತ್ಗೆ, ನಿಮ್ಮ ಮಗಳು?”

“ಮೀನು ತಿನ್ನಾಕಲ್ಲ ಕಣಪ್ಪ, ನೋಡಾಕೆ. ನೀನೂ ಒಂದ್ಸಲ ನೋಡ್ಬಾ.”

“ನಾನು ಆ ಬಾಗ್ಲು ತುಳಿಯಾಕಿಲ್ಲ. ಊಟಕ್ಕೆ ನೆಂಟರನ್ನ ಕರೆಸಿ, ಉಂಡ ಮೇಲೆ ಕೂರಿಸಿ, ಅದನ್ನ ಮುಚ್ಚಿಸ್ಬುಟ್ಟೇ ಹೋಯ್ತೀನಿ.”

ಶಿವಲೀಲಾ ಆಗತಾನೇ ಗೊಂಬೆಗೆ ಹೊಸದಾಗಿ ಬಣ್ಣ ಬಳಿದು, ಒಣಗಲು ಬಿಟ್ಟು, ಪೇಟೆಗೆ ಹೋಗಿದ್ದಳು. ಅಡುಗೆಮನೆಯ ಕಿಟಕಿಯಿಂದ ಪಂಪಮ್ಮ ನೋಡುತ್ತಾಳೆ: ಅಮರೇಶಪ್ಪ ಆಚೆ ಈಚೆ ಕಣ್ಣಾಡಿಸಿ ಮೆಲ್ಲಗೆ ಗೋಡೌನಿನೊಳಗೆ ನುಸುಳಿದ. ಕೂಗಿ ಕರೆಯಬಹುದಿತ್ತು. ಆಕೆ ಸೆರಗು ಸಿಕ್ಕಿಸಿಕೊಂಡು ಹೋಗಿ ಹೊರಗಿನಿಂದ ಚಿಲಕ ಹಾಕಿದಳು. ಬಂದು ನಿಧಾನವಾಗಿ ಕಾಫಿ ಕುಡಿದಳು. ಒಳಗೆ ಏನನ್ನೋ ಎಡವಿ ಬಿದ್ದ ಸದ್ದು ಕೇಳಿದ ಮೇಲೆಯೇ ಎದ್ದು ಚಿಲಕ ತೆಗೆದು, ಏನೂ ಅರಿಯದವಳಂತೆ ಒಲೆಯ ಮುಂದೆ ಬಂದು ನಿಂತಳು.

ಅಮರೇಶಪ್ಪ ಹಿತ್ತಲಿನಿಂದ ಬಂದ. ಮೀಸೆ, ಕೈಯೆಲ್ಲ ಬೆಳ್ಳಗಾಗಿತ್ತು. ನೋಡಿದವರು ವಿಭೂತಿ ಎಂದುಕೊಂಡರು.

ಊಟವಾದ ಮೇಲೆ ಕಿಟಕಿಯಿಲ್ಲದ ನಡುಮನೆಯಲ್ಲಿ ಎಲ್ಲರೂ ಕುಳಿತರು. “ಅಂಥ ಮೈಲಿಗೆ ಜಾಗಕ್ಕೆ ನಾನಂತೂ ತಲೇನೂ ಹಾಕಿಲ್ಲ,” ಎಂದು ಅಮರೇಶಪ್ಪ ಶುರು ಮಾಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಕತ್ತಲಲ್ಲಿ ಒಂದು ನೀಲಿ ಮೀಸೆ, ಎರಡು ನೀಲಿ ಅಂಗೈ.

ನೆಂಟರಲ್ಲಿ ಹಿರಿಯರಾದ ರುದ್ರಮುನಿ, “ಅಮರೇಶಪ್ಪ, ಮೀಸೆ ಒಸಿ ನೋಡ್ಕೊಳಪ್ಪ,” ಎಂದರು.

ಅಂಗೈ ನೋಡಿಕೊಂಡ ಅಮರೇಶಪ್ಪ ಎರಡನ್ನೂ ಮೆಲ್ಲಗೆ ಪಂಚೆಯೊಳಗೆ ಬಚ್ಚಿಟ್ಟುಕೊಂಡ. ಮೀಸೆಯನ್ನು ಎಲ್ಲಿ ಬಚ್ಚಿಡುವುದು? ಪಂಪಮ್ಮನಿಗೆ ನಗು ಬಂತು. ಜೊತೆಗೇ ಅಯ್ಯೋ ಅನ್ನಿಸಿತು.

“ನಾನೇ ಕಳಿಸಿದ್ದೆ ಕಣಣ್ಣ, ಗೋಡೌನಿನ ಸೂರು ಸೋರ್ತೈತಾ ನೋಡ್ಬಾ ಅಂತ,” ಎಂದಳು.

“ಹೂಂ, ಸೂರು,” ಎಂದ ಅಮರೇಶಪ್ಪ. “ಸೂರು ಗಟ್ಟಿಯಾಗೈತೆ.”

ಮುಚ್ಚಿಸುವ ಮಾತು ಮತ್ತೆ ಎದ್ದೇಳಲಿಲ್ಲ. ಕರೆಂಟು ಬಂದಾಗ ನೆಂಟರೆಲ್ಲ ಗೋಡೌನಿನ ಬಾಗಿಲಲ್ಲಿ ನೂಕಾಡುತ್ತಿದ್ದರು. ಎಲ್ಲರಿಗಿಂತ ಮುಂದೆ ನಿಂತು ಅಮರೇಶಪ್ಪನೇ ತೋರಿಸುತ್ತಿದ್ದ: “ಅವು ಕಾಲಲ್ಲ ಕಣ್ಲಾ, ಕೈ. ತಬ್ಕೊಂಡ್ರೆ ಬುಡಾಕಿಲ್ಲ.”