ಎಡ ಮೂಲೆಯ ದೀಪ

ಕುಂಚವನ್ನು ಬಣ್ಣದಲ್ಲಿ ಅದ್ದಿಯಾಗಿತ್ತು. ಪೇಂಟರನ ಕೈ ತಾನಾಗಿಯೇ ಗೋಡೆಯ ಎಡ ಮೂಲೆಗೆ ಹೋಗಿ, ಇನ್ನೇನು ತಾಗಬೇಕು ಎನ್ನುವಾಗ ನಿಂತುಬಿಟ್ಟಿತು. ತನ್ನ ಕೈಯನ್ನು ನೋಡಿ ಅವನಿಗೇ ಆಶ್ಚರ್ಯವಾಯಿತು. ಈ ಕಸುಬಿಗೆ ಇಳಿದಾಗಿನಿಂದ ಅದು ಹೀಗೆ ಅನುಮಾನಿಸಿದ್ದೇ ಇಲ್ಲ.

"ಏನಾಯ್ತಪ್ಪಾ? ಬಣ್ಣ ಗಟ್ಟಿಯಾಯ್ತಾ?" ಸ್ಟೂಲಿನ ಪಕ್ಕ ಡಬ್ಬಿ ಹಿಡಿದು ನಿಂತಿದ್ದ ಮಗಳು ಕೇಳಿದಳು.

"ಬಣ್ಣ ಸರಿಯಾಗೇ ಇದೆ. ಒಂಚೂರು ಸುಮ್ನಿರು."

ಅದು ಹೊಸದಾಗಿ ಕಟ್ಟಿದ ಬಸ್ ತಂಗುದಾಣ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅದಕ್ಕೆ ಪೇಂಟರನ ಗೆಳೆಯ ಕಂಡಕ್ಟರನ ಹೆಸರಿಡಬೇಕೆಂದು ಪುರಸಭೆಯಲ್ಲಿ ಯಾರ ತಕರಾರೂ ಇಲ್ಲದೆ ತೀರ್ಮಾನವಾಗಿತ್ತು. ಅವನು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಬೋರ್ಡುಗಳೆಲ್ಲ ಮೆಷಿನ್ನಿನಿಂದ ಅಚ್ಚಾಗಿ ಬರುವ ಈ ಕಾಲದಲ್ಲಿ ಪೇಂಟರನ ಕುಂಚಗಳು ಅಟ್ಟ ಸೇರಿದ್ದವು. ಆದರೂ ಈ ಹೆಸರನ್ನು ಅವನೇ ಬರೆಯಬೇಕೆಂದು ಹಳಬರು ಹಟ ಹಿಡಿದರು. ಬೆಳಗ್ಗೆ ಎದುರಿನ ಕ್ಷೌರದಂಗಡಿಯವನು ಬಾಗಿಲು ತೆಗೆಯುತ್ತ, "ನೋಡಿದ್ಯಾ ಪೇಂಟರಣ್ಣ, ಸತ್ತ ಮೇಲೆ ಎಲ್ರೂ ಒಪ್ಕೊಂಡ್ರು. ಇನ್ನು ಅವನೇನೂ ಓಟು ಕೇಳಲ್ವಲ್ಲ, ಅದಕ್ಕೆ" ಎಂದಿದ್ದ. ತಮಾಷೆಗೆ ಅಂದದ್ದೇ, ಆದರೆ ಪೇಂಟರನಿಗೆ ನಗು ಬಂದಿರಲಿಲ್ಲ.

ಎಡ ಮೂಲೆಯಲ್ಲಿ ದೀಪ ಬರೆಯುವುದನ್ನು ಅವನಿಗೆ ಹೇಳಿಕೊಟ್ಟದ್ದು ಅಪ್ಪ. ಖಾಲಿ ಗೋಡೆಯ ಮೇಲೆ ಮೊದಲು ಅಕ್ಷರ ಬರೆಯಬಾರದು. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಅಗಲದ ಒಂದು ದೀಪ ಬರೆಯಬೇಕು, ಕೆಳಗೊಂದು ಬಟ್ಟಲು, ಮೇಲೊಂದು ಕುಡಿ. "ದೇವ್ರಿಗೆ ಒಂದ್ಮಾತು ಹೇಳ್ಬಿಟ್ಟು ಶುರುಮಾಡು, ಕೈ ನಡುಗಲ್ಲ" ಎಂದಿದ್ದರು ಅಪ್ಪ. ಅಂದಿನಿಂದ ಸಾಬೂನಿನ ಜಾಹೀರಾತಿರಲಿ, ಸಿಮೆಂಟಿನದಿರಲಿ, ಮೂಲವ್ಯಾಧಿ ವೈದ್ಯರ ವಿಳಾಸವಿರಲಿ, ಎಲ್ಲಕ್ಕೂ ಮೊದಲು ದೀಪ. ಮೂಲವ್ಯಾಧಿಯವರ ಪಕ್ಕದಲ್ಲೂ ದೇವರನ್ನು ಕೂರಿಸಿದೆಯಲ್ಲೋ ಎಂದು ಕಂಡಕ್ಟರ್ ನಗುತ್ತಿದ್ದ. ಉಳಿದವರ ಕಣ್ಣಿಗೆ ಅದು ಬೀಳುತ್ತಲೂ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರು ತಾನೇ ನೋಡುತ್ತಾರೆ?

ಕಂಡಕ್ಟರನೂ ಅವನೂ ಶಾಲೆಯಲ್ಲಿ ಒಂದೇ ಬೆಂಚಿನವರು. ದೊಡ್ಡವರಾದ ಮೇಲೆ ಒಬ್ಬ ಏಣಿ ಹತ್ತಿದ, ಇನ್ನೊಬ್ಬ ಬಸ್ಸು ಹತ್ತಿದ. ಕಂಡಕ್ಟರನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ, ಮತ್ತು ಅದನ್ನವನು ಬಚ್ಚಿಡುತ್ತಲೂ ಇರಲಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಡ್ರೈವರ್ ಕಣ್ಣು ಮುಚ್ಚಿ ಕೈ ಮುಗಿಯುವವರೆಗೂ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದ. ಆಮೇಲೆ, "ಆಯ್ತಾ ಗುರುವೇ? ಈಗ ಬ್ರೇಕನ್ನೂ ಒಂದ್ಸಲ ವಿಚಾರಿಸ್ಕೊಂಡ್ಬಿಡು" ಎನ್ನುತ್ತಿದ್ದ. ಪ್ರಾರ್ಥನೆಗೆ ಹೋಗುವ ಮುದುಕಿಯರನ್ನು ಕೈ ಹಿಡಿದು ಇಳಿಸುತ್ತಿದ್ದ. ರಜೆಯ ದಿನ ಪೇಂಟರನ ಜೊತೆ ದೇವಸ್ಥಾನಕ್ಕೆ ಹೋದರೆ ತಾನು ಒಳಗೆ ಬರದೆ ಮೆಟ್ಟಿಲ ಬುಡದಲ್ಲಿ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದ. "ಇದ್ದಾನಾ ಅಂತ ಕೇಳಿದ್ರೆ ಇಲ್ಲ ಅಂತೀನಿ. ಕೇಳ್ದೇ ಇದ್ರೆ ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋಗ್ತೀನಿ. ನಂದೇನು ಗಲಾಟೆ ಇಲ್ಲಪ್ಪ."

ನೂಲಿನ ಗಿರಣಿಯ ಹೆಂಗಸರು ಸಂಜೆಯ ಪಾಳಿ ಮುಗಿಸಿ ಕತ್ತಲಲ್ಲಿ ನಡೆದು ಬರುತ್ತಿದ್ದ ಕಾಲವದು. ಮೇಲಿನವರ ಹತ್ತಿರ ಅಲೆದು, ಬೈಸಿಕೊಂಡು, ಒಮ್ಮೆ ಅಮಾನತ್ತೂ ಆಗಿ, ಅವರಿಗೊಂದು ಬಸ್ಸು ಬಿಡಿಸಿದವನು ಅವನೇ. ಹಾಗಾಗಿ ಪುರಸಭೆಯ ಅಧ್ಯಕ್ಷರನ್ನು ಜನರೇ ಆರಿಸಬೇಕೆಂದಾದಾಗ ಎಲ್ಲರ ಬಾಯಲ್ಲೂ ಅವನ ಹೆಸರು. ಆದರೆ ಹೆಸರಿನ ಹಿಂದೆಯೇ ಇನ್ನೊಂದು ಮಾತೂ ಬರುತ್ತಿತ್ತು. "ಒಳ್ಳೆಯವನೇ, ಆದ್ರೆ..." ಎನ್ನುತ್ತಿದ್ದರು. "ಆದ್ರೆ" ಎಂದವರು ಮುಂದಿನದನ್ನು ನುಂಗಿಕೊಳ್ಳುತ್ತಿದ್ದರು. ಪೇಂಟರನ ಹೆಂಡತಿ ಮಾತ್ರ ನುಂಗಲಿಲ್ಲ.

"ನಾನಂತೂ ನಿಮಗೇ ಓಟು ಹಾಕೋದು ಕಣಣ್ಣ. ದೇವ್ರ ಹತ್ರ ಮೊದ್ಲೇ ತಪ್ಪಾಯ್ತು ಅಂತ ಕೇಳ್ಕೊಂಡು ಹಾಕ್ತೀನಿ."

"ನನ್ನ ಪರವಾಗೂ ಕೇಳ್ಕೊಂಡ್ಬಿಡಿ ಅತ್ತಿಗೆ. ನನಗೆ ಪರಿಚಯ ಇಲ್ಲ" ಎಂದಿದ್ದ ಕಂಡಕ್ಟರ್.

ಆ ದಿನಗಳನ್ನು ನೆನೆದರೆ ಪೇಂಟರನಿಗೆ ಈಗಲೂ ಮೂಗಿಗೆ ಅಂಟಿನ ವಾಸನೆ ಬರುತ್ತದೆ. ಅಂಟು ಕುದಿಸಿ, ಬಣ್ಣದ ಪುಡಿ ಕಲಸಿ, ಬೆಳಕು ಹರಿಯುವ ಮೊದಲೇ ಏಣಿ ಹೊತ್ತು ಹೊರಡುತ್ತಿದ್ದ. ಗೆಳೆಯನ ಹೆಸರನ್ನು ಆಳೆತ್ತರದ ಅಕ್ಷರದಲ್ಲಿ ಬರೆಯುವ ಸುಖವೇ ಬೇರೆ. ಹೆಸರಿನ ಪಕ್ಕ ಗುರುತು, ಒಂದು ಹಳದಿ ಸೀಟಿ. ಗಿರಣಿಯ ಗೋಡೆ, ಹಾಲಿನ ಡೈರಿಯ ಗೋಡೆ, ಶಾಲೆಯ ಹಿಂಬದಿ, ಯಾವುದನ್ನೂ ಬಿಡಲಿಲ್ಲ. ಕಂಡಕ್ಟರ್ ಆಗಾಗ ಬಂದು ಏಣಿ ಹಿಡಿದುಕೊಂಡು ನಿಂತು ಊರಿನ ಸುದ್ದಿ ಹೇಳುತ್ತಿದ್ದ. ಪ್ರತಿ ಗೋಡೆಯ ಎಡ ಮೂಲೆಯಲ್ಲೂ ಒಂದು ದೀಪ ಉರಿಯುತ್ತಿದ್ದದ್ದು ಬರೆದವನ ಗಮನಕ್ಕೂ ಬರಲಿಲ್ಲ, ಏಣಿ ಹಿಡಿದವನ ಗಮನಕ್ಕೂ ಬರಲಿಲ್ಲ.

ಬಂದದ್ದು ಮನೆಮನೆಗೆ ಹಾಲು ಹಾಕುವ ಹಾಲಿನ ಅಜ್ಜಿಯ ಗಮನಕ್ಕೆ. ಅವಳಿಗೆ ಓದಲು ಬಾರದು. ಅಕ್ಷರ ಬಿಟ್ಟು ಮಿಕ್ಕದ್ದನ್ನೆಲ್ಲ ನೋಡುತ್ತಿದ್ದಳು. ನಡುಬೀದಿಯಲ್ಲಿ ಕಂಡಕ್ಟರನ ಗಲ್ಲ ಹಿಡಿದು, "ಅಂತೂ ದೀಪ ಹಚ್ಚಿದ್ಯಲ್ಲ ನನ್ನಪ್ಪಾ, ಈಗ ನನ್ನ ಜೀವಕ್ಕೆ ಸಮಾಧಾನ. ನಂದು, ನನ್ನ ಸೊಸೇದು, ಎರಡೂ ಓಟು ನಿಂಗೇ" ಎಂದಳು. ಕಂಡಕ್ಟರನಿಗೆ ತಲೆಬುಡ ತಿಳಿಯಲಿಲ್ಲ. ಕ್ಷೌರದಂಗಡಿಗೆ ಬರುವಷ್ಟರಲ್ಲಿ ಅಲ್ಲಿ ಆಗಲೇ ಅದೇ ಮಾತು: ಕಂಡಕ್ಟರ್ ದಾರಿಗೆ ಬಂದ, ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಗೋಡೆಯ ಮೇಲೆ ಬರೆಸಿದ್ದಾನೆ.

ಸಂಜೆ ಪೇಂಟರ್ ಹಿತ್ತಲಲ್ಲಿ ಕುಂಚ ತೊಳೆಯುತ್ತಿದ್ದಾಗ ಕಂಡಕ್ಟರ್ ಬಂದ. ಜೊತೆಗೆ ಉದ್ದಣ್ಣ. ಅವನು ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕು, ಅದಕ್ಕೇ ಆ ಹೆಸರು. ಚುನಾವಣೆಯ ಓಡಾಟವೆಲ್ಲ ಅವನದೇ. ಉದ್ದಣ್ಣ ಕುಣಿಯುವುದೊಂದು ಬಾಕಿ.

"ಪೇಂಟರೇ, ನಾವೆಲ್ಲ ಸೇರಿ ಮಾಡಕ್ಕಾಗ್ದೇ ಇದ್ದಿದ್ದನ್ನ ನಿಮ್ಮ ದೀಪ ಮಾಡ್ಬಿಡ್ತು ಕಣ್ರೀ! ಗಾಳಿ ನಮ್ಮ ಕಡೆ ತಿರುಗಿದೆ."

"ಯಾವ ದೀಪ?" ಎಂದ ಪೇಂಟರ್. ಮರುಕ್ಷಣವೇ ಹೊಳೆಯಿತು. ಕುಂಚವನ್ನು ನೀರಿನಲ್ಲೇ ಬಿಟ್ಟ. "ಲೋ, ನನ್ನಾಣೆ, ಬೇಕಂತ ಮಾಡಿದ್ದಲ್ಲ ಕಣೋ. ಅದು ಕೈಗೆ ಅಂಟಿದ್ದು."

"ಗೊತ್ತು ಬಿಡೋ" ಎಂದು ಕಂಡಕ್ಟರ್ ಕಲ್ಲಿನ ಮೇಲೆ ಕೂತ. "ಆದ್ರೆ ಕೆಳಗೆ ಇರೋದು ನನ್ನ ಹೆಸ್ರು. ನೋಡೋರು ಅದನ್ನ ನಂದೇ ಅನ್ಕೋತಾರೆ."

"ಅನ್ಕೊಳ್ಳಲಿ ಬಿಡಿ!" ಉದ್ದಣ್ಣ ಕೈ ಜೋಡಿಸಿದ. "ನೀವು ಸುಳ್ಳು ಹೇಳಿದ್ರಾ? ಇಲ್ಲ. ಯಾರೂ ಕೇಳಿಲ್ಲ, ನೀವು ಹೇಳಿಲ್ಲ. ಇನ್ನು ನಾಲ್ಕು ದಿನ ಬಾಯಿಗೆ ಬೀಗ ಹಾಕ್ಕೊಂಡಿರಿ ಸಾಕು. ಗೆದ್ದ ಮೇಲೆ ಆಸ್ಪತ್ರೆಗೆ ರಸ್ತೆ ಮಾಡಿಸ್ತೀರೋ ಇಲ್ವೋ? ಅದು ದೊಡ್ಡದಾ, ಇದು ದೊಡ್ಡದಾ?"

ಆ ರಸ್ತೆ ಕಂಡಕ್ಟರನಿಗೆ ಎಷ್ಟು ಬೇಕಾಗಿತ್ತೆಂದು ಪೇಂಟರನಿಗೆ ಗೊತ್ತಿತ್ತು. ಗೆಳೆಯನ ತಾಯಿ ಗುಂಡಿಗಳ ನಡುವೆ, ಕೈಗಾಡಿಯ ಮೇಲೆ, ಆಸ್ಪತ್ರೆ ಇನ್ನೂ ಕಾಣುವ ಮೊದಲೇ ತೀರಿಹೋಗಿದ್ದಳು. ಪೇಂಟರನ ಹೆಂಡತಿ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಅಳಿಸು ಎನ್ನುತ್ತಾನೇನೋ ಎಂದು ಪೇಂಟರ್ ಕಾದ. ಅಳಿಸು ಎಂದಿದ್ದರೆ ಏನು ಮಾಡುತ್ತಿದ್ದನೋ ಅವನಿಗೇ ತಿಳಿಯದು. ಅಪ್ಪನಿಂದ ಬಂದ ದೀಪ, ಅದರ ಮೇಲೆ ಸುಣ್ಣ ಬಳಿಯುವುದು ಹೇಗೆ? ಗೆಳೆಯ ಎದ್ದು, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, "ಚೆನ್ನಾಗಿದೆ ಅತ್ತಿಗೆ" ಎಂದು ಹೊರಟುಹೋದ.

ಮರುದಿನ ಮಾರುಕಟ್ಟೆಯ ಮುಂದೆ ಸಭೆ. ಜನ ಎಂದೂ ಇಲ್ಲದಷ್ಟು ಸೇರಿದ್ದರು. ಹಾಲಿನ ಅಜ್ಜಿ ಎಲ್ಲರಿಗಿಂತ ಮುಂದೆ, ನೆಲದ ಮೇಲೆ. ಕಂಡಕ್ಟರ್ ರಸ್ತೆಯ ಬಗ್ಗೆ ಹೇಳಿದ, ನಲ್ಲಿ ನೀರಿನ ಬಗ್ಗೆ ಹೇಳಿದ, ಚಪ್ಪಾಳೆ ಬಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡ.

"ಇನ್ನೊಂದ್ಮಾತು. ನನ್ನ ಹೆಸರಿನ ಪಕ್ಕ ಗೋಡೆಗಳ ಮೇಲೆ ಒಂದು ದೀಪ ಇದೆ. ಅದು ನಂದಲ್ಲ. ಅದು ನಮ್ಮ ಪೇಂಟರ್ದು. ಅವನಿಗೆ ದೇವರಿದ್ದಾನೆ, ನನಗಿಲ್ಲ. ಹಂಗಿದ್ರೂ ಅವನು ನನ್ನ ಹೆಸರು ಬರೆದ, ನಾನು ಅವನ ಏಣಿ ಹಿಡಿದೆ. ನಿಮ್ಮ ಜೊತೇಲೂ ನಾನು ಹಂಗೇ ಇರ್ತೀನಿ. ಆ ದೀಪ ನೋಡಿ ಓಟು ಹಾಕ್ಬೇಕು ಅಂದ್ಕೊಂಡಿದ್ದೋರು ಇನ್ನೊಂದ್ಸಲ ಯೋಚನೆ ಮಾಡಿ."

ಉದ್ದಣ್ಣ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಸಿದ. ಪೇಂಟರ್ ಗುಂಪಿನ ಹಿಂದೆ ನಿಂತಿದ್ದ. ಅವನಿಗೆ ಗೆಳೆಯನ ಮೇಲೆ ಸಿಟ್ಟು ಬಂತು, ಹೆಮ್ಮೆಯೂ ಬಂತು, ಮತ್ತು ಯಾಕೋ ಅಪ್ಪನ ನೆನಪಾಗಿ ಕಣ್ಣು ತುಂಬಿತು. ಜನ ಮೆಲ್ಲಗೆ, ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತ ಕರಗಿದರು.

ಕಂಡಕ್ಟರ್ ಸೋತ. ಹೀನಾಯವಾಗಿ ಏನಲ್ಲ, ಇನ್ನೊಂದೆರಡು ಬೀದಿ ಕೈ ಹಿಡಿದಿದ್ದರೆ ಗೆಲ್ಲುತ್ತಿದ್ದ. ಹಾಲಿನ ಅಜ್ಜಿ ಅವನ ಮನೆ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಿಂಗೇ ಹಾಕ್ಬೇಕು ಅಂತ ಹೋದೆ ಕಣಪ್ಪಾ. ಕೈ ಬರ್ಲಿಲ್ಲ."

"ಅಯ್ಯೋ, ಅದಕ್ಯಾಕಜ್ಜಿ ಅಳು? ನಾಳೆ ಬಸ್ಸಿಗೆ ಬರ್ತೀಯಲ್ಲ, ಕಿಟಕಿ ಪಕ್ಕ ಕೂರಿಸ್ತೀನಿ" ಎಂದ ಅವನು. ಕೂರಿಸಿದನೂ ಸಹ.

ಗೋಡೆಗಳನ್ನು ಮೊದಲಿನಂತೆ ಮಾಡಿಕೊಡುವುದು ನಿಯಮ. ಇಬ್ಬರೂ ಸುಣ್ಣದ ಬಕೆಟ್ಟು ಹಿಡಿದು ಹೊರಟರು. ಇಬ್ಬರ ಬದುಕಿನಲ್ಲೂ ಅಷ್ಟು ನಕ್ಕ ದಿನ ಇನ್ನೊಂದಿಲ್ಲ. ಸೋತವನು ತನ್ನ ಹೆಸರಿಗೆ ತಾನೇ ಸುಣ್ಣ ಬಳಿಯುತ್ತ, "ಮೂಗಿಲ್ಲದ ಹಾಗೆ ಮಾಡ್ಬಿಟ್ಟೆ ನೋಡು" ಎಂದು ಅಕ್ಷರ ಅಕ್ಷರವನ್ನೂ ಹಂಗಿಸುತ್ತಿದ್ದ. ಡೈರಿಯ ಗೋಡೆಯ ಹತ್ತಿರ ಪೇಂಟರ್ ತಡೆಯಲಾಗದೆ ಕೇಳಿಯೇಬಿಟ್ಟ.

"ಒಂದ್ಮಾತು ಅಳಿಸು ಅಂದಿದ್ರೆ ಅಳಿಸಿಬಿಡ್ತಿದ್ನಲ್ಲೋ. ಸಭೇಲಿ ಹೇಳೋದೇ ಬೇಕಾಗ್ತಿರ್ಲಿಲ್ಲ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಿಕ್ಕ ಗೋಡೇನೆಲ್ಲ ನೀನು ದೀಪ ಇಲ್ದೇನೇ ಬರೀಬೇಕಾಗ್ತಿತ್ತು. ನಿನ್ನ ಕೈ ನಡುಗಿ ನನ್ನ ಹೆಸ್ರು ಸೊಟ್ಟ ಆಗ್ತಿತ್ತು. ಸೋತ್ರೂ ನೆಟ್ಟಗೆ ಸೋಲ್ಬೇಕಪ್ಪ ನಾನು" ಎಂದು ಕಂಡಕ್ಟರ್ ಹಲ್ಲು ಬಿಟ್ಟ.

ಅವನು ಬಳಿದ ಗೋಡೆಗಳನ್ನು ಪೇಂಟರ್ ಗಮನಿಸಿದ್ದು ವಾಪಸು ಬರುವಾಗ. ಹೆಸರು ಹೋಗಿತ್ತು, ಸೀಟಿ ಹೋಗಿತ್ತು. ಎಡ ಮೂಲೆಗೆ ಮಾತ್ರ ಸುಣ್ಣದ ಕುಂಚ ಹೋಗಿರಲಿಲ್ಲ. ಪ್ರತಿ ಗೋಡೆಯಲ್ಲೂ ದೀಪವನ್ನು ಬಿಟ್ಟು, ಅದರ ಸುತ್ತ ಜೋಪಾನವಾಗಿ ಬಳಿದಿದ್ದ. ಎಷ್ಟೋ ಮಳೆ ಬಿಸಿಲು ಕಳೆಯುವವರೆಗೂ ಬೆಳ್ಳಗಿನ ಗೋಡೆಗಳ ಮೇಲೆ ಆ ಪುಟ್ಟ ದೀಪಗಳು ಒಂಟಿಯಾಗಿ ಇದ್ದವು.

"ಅಪ್ಪಾ, ಬಣ್ಣ ತೊಟ್ಟಿಕ್ತಿದೆ" ಎಂದಳು ಮಗಳು.

ಪೇಂಟರ್ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ. ಎಡ ಮೂಲೆಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಇಳಿದು, ಸ್ಟೂಲನ್ನು ಒಂದು ಗೇಣು ಬಲಕ್ಕೆ ಸರಿಸಿಕೊಂಡು ಹತ್ತಿ, ನೇರವಾಗಿ ಮೊದಲ ಅಕ್ಷರಕ್ಕೆ ಕೈ ಹಾಕಿದ.

"ದೀಪ ಬರೀಲಿಲ್ವಾ?" ಮಗಳ ದನಿಯಲ್ಲಿ ಗಾಬರಿಯಿತ್ತು.

"ಇವನ ಗೋಡೆ ಕಣಮ್ಮ ಇದು. ಇವನಿಗೆ ಬೇಡ."

ಕೈ ನಡುಗಿತು. ವಯಸ್ಸಿಗೋ ಇನ್ಯಾತಕ್ಕೋ, ಅಕ್ಷರದ ತಲೆ ಒಂಚೂರು ಎಡಕ್ಕೆ ವಾಲಿತು. ಪೇಂಟರ್ ಕೆಳಗಿಳಿದು ಹಿಂದೆ ಸರಿದು ಅದನ್ನೇ ನೋಡುತ್ತ ನಿಂತ. ನೋಡುತ್ತಿದ್ದಂತೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಮಗಳಿಗೆ ಗೊತ್ತಾಗಲಿಲ್ಲ. ಅವಳು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮುಂದೆ ಚಾಚಿದಳು.

"ಸೊಟ್ಟ ಆಗಿದೆ ಅಪ್ಪಾ. ಒಣಗೋ ಮೊದ್ಲು ಒರೆಸಿ ಬರಿ."

"ಬೇಡ" ಎಂದ ಪೇಂಟರ್. "ಅವನಿಗೆ ಮೊದ್ಲೇ ಗೊತ್ತಿತ್ತು."

ಬಸ್ಸೊಂದು ಬಂದು ನಿಂತಿತು. ಇಬ್ಬರು ಹೆಂಗಸರು ಇಳಿದು ಹಸಿ ಬಣ್ಣಕ್ಕೆ ಸೆರಗು ತಾಗದಂತೆ ಸರಿದು ಹೋದರು. ಒಳಗಿನಿಂದ ಯಾರೋ ಸೀಟಿ ಊದಿದರು, ಬಸ್ಸು ಹೊರಟಿತು. ಪೇಂಟರ್ ಎರಡನೆಯ ಅಕ್ಷರಕ್ಕೆ ಕುಂಚ ಅದ್ದಿದ. ಗೋಡೆಯ ಎಡ ಮೂಲೆ ಬಿಸಿಲಿನಲ್ಲಿ ಬೆಳ್ಳಗೆ, ಖಾಲಿಯಾಗಿತ್ತು.