ಸಾಲಿನ ಮೊದಲ ಅಲ್ಪವಿರಾಮ

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು. ಈ ಹತ್ತೊಂಬತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ಒಂದೇ: "ಅದು ಸಿಸ್ಟಮ್‌ನಲ್ಲೇ ಇದೆ, ಬೇರೇನೂ ಹಾಕೋದು ಬೇಡ." ವೈರ್ ಇಲ್ಲದ ಮೌಸ್, ಕೀಬೋರ್ಡ್, ಹೆಡ್‌ಫೋನ್, ಏನೇ ತರಲಿ, ಬ್ಲೂಟೂತ್ ಆನ್ ಮಾಡಿ, ಜೋಡಿಸಿ ಕಳಿಸುತ್ತಿದ್ದೆ. ಮಾರನೆಯ ದಿನ ಅದೇ ಗಿರಾಕಿ ಮುಖ ಗಂಟು ಹಾಕಿಕೊಂಡು ವಾಪಸ್. ನಿನ್ನೆ ಜೋಡಿಸಿದ ಮೌಸ್ ಇವತ್ತು ಕಂಪ್ಯೂಟರಿಗೆ ಗುರುತೇ ಸಿಗುತ್ತಿಲ್ಲ. ಅದನ್ನು 'ಮರೆತುಬಿಡು' ಎಂದು ಒತ್ತಿ, ಜಗಳವಾಡಿದ ಬೀಗರನ್ನು ಎದುರುಬದುರು ಕೂರಿಸಿದ ಹಾಗೆ ಮತ್ತೆ ಮೊದಲಿನಿಂದ ಪರಿಚಯ ಮಾಡಿಸಬೇಕು.

ಕೀಬೋರ್ಡಿನದು ಇನ್ನೊಂದು ಕಾಯಿಲೆ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಬ್ಯಾಟರಿ ಉಳಿಸುವ ನೆಪದಲ್ಲಿ ನಿದ್ದೆ ಹೋಗುತ್ತದೆ. ಮತ್ತೆ ಒತ್ತಿದಾಗ ಅದು ಎದ್ದು, ಕಂಪ್ಯೂಟರ್ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಮೊದಲು ಹೊಡೆದ ಮೂರು ಅಕ್ಷರ ಗಾಳಿಗೆ ಹೋಗಿರುತ್ತವೆ. "ಮೊದ್ಲು ಸುಮ್ನೆ ಒಂದು ಕೀ ಒತ್ತಿ, ಎರಡೆಣಿಸಿ, ಆಮೇಲೆ ಹೊಡೀರಿ" ಎಂದು ನೂರಾರು ಜನರಿಗೆ ಹೇಳಿಕೊಟ್ಟಿದ್ದೇನೆ. ಒಬ್ಬನಿಗೆ ಮಾತ್ರ ಹೇಳಲಿಲ್ಲ.

ಅವನು ನನ್ನ ಅಣ್ಣ. ಟೈಪಿಂಗ್ ಮಾಸ್ತರ. ಮನೆಯ ಮುಂದಿನ ಕೋಣೆಯಲ್ಲಿ ಹನ್ನೆರಡು ಟೈಪ್‌ರೈಟರ್ ಇಟ್ಟುಕೊಂಡು ಪಾಠ ಮಾಡುತ್ತಿದ್ದ. ಕಲಿಯುವವರ ಕೈಗಳ ಮೇಲೆ ಬಟ್ಟೆ ಮುಚ್ಚಿಬಿಡುತ್ತಿದ್ದ. "ಕೀ ನೋಡಬಾರ್ದು, ಹೊಡೆದದ್ದನ್ನೂ ನೋಡಬಾರ್ದು. ಬೆರಳನ್ನ ನಂಬಿ" ಎನ್ನುವುದು ಅವನ ಮೊದಲ ಪಾಠ. ಅತ್ತಿಗೆಯೂ ಅಲ್ಲೇ ಕಲಿತವರು. ನನ್ನನ್ನು ಅವನು ಕರೆಯುತ್ತಿದ್ದುದು 'ಮರಿ' ಎಂದು. ನನಗೆ ಮೂವತ್ತೆಂಟು ತುಂಬಿ ತಲೆ ಅರ್ಧ ಬೋಳಾದ ಮೇಲೂ, ಗಿರಾಕಿಗಳು ತುಂಬಿರುವ ಅಂಗಡಿಗೆ ಬಂದು, "ಮರಿ, ಊಟ ಆಯ್ತಾ?" ಎಂದು ಕೂಗುತ್ತಿದ್ದ. ನನಗೆ ನಾಚಿಕೆಯಾಗಿ ಮೈ ಹಿಡಿಯಾಗುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಅವನ ಪಾಠ ನಡೆಯುವಾಗಲೇ, ಮಗಳನ್ನು ಸೇರಿಸಲು ಬಂದಿದ್ದ ಹೆಂಗಸೊಬ್ಬರು, ಇದನ್ನು ಕಲಿತರೆ ಉಪಯೋಗವಿದೆಯಾ ಎಂದು ನನ್ನನ್ನು ವಿಚಾರಿಸಿದರು. ನನ್ನ ನಾಲಗೆಗೆ ಎಲುಬಿಲ್ಲ. "ಇವೆಲ್ಲ ಗುಜರಿಗೆ ಹಾಕೋ ಸಾಮಾನು. ಅಣ್ಣ ಸುಮ್ನೆ ಮಕ್ಕಳ ಟೈಮ್ ಹಾಳು ಮಾಡ್ತಿದಾನೆ" ಎಂದುಬಿಟ್ಟೆ. ಹನ್ನೆರಡು ಯಂತ್ರಗಳೂ ಒಟ್ಟಿಗೆ ನಿಂತವು. ಅಣ್ಣ ನನ್ನ ಕಡೆ ತಿರುಗಲಿಲ್ಲ. "ಮುಂದಿನ ಸಾಲು ಹೊಡೀರಿ" ಎಂದಷ್ಟೇ ಮಕ್ಕಳಿಗೆ ಹೇಳಿದ. ಅದಾದ ಮೇಲೆ ಅವನು ನನ್ನ ಮೇಲೆ ಒಮ್ಮೆಯೂ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಎದುರು ಸಿಕ್ಕಾಗ, "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದ. ಒಡಹುಟ್ಟಿದ ತಮ್ಮನಿಗೆ ಬಹುವಚನ!

ಕಳೆದ ವರ್ಷ ಅವನ ಗಂಟಲಲ್ಲಿ ಗೆಡ್ಡೆ ಎಂದು ಗೊತ್ತಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆದರೂ ಹೆಚ್ಚು ದಿನವಿಲ್ಲ ಎಂದಿದ್ದರು ಡಾಕ್ಟರು. ಅತ್ತಿಗೆ ಫೋನ್ ಮಾಡಿದರು.

"ಮಾತು ಹೋಯ್ತಪ್ಪ. ಪೆನ್ನು ಹಿಡಿದ್ರೆ ಕೈ ನಡುಗುತ್ತೆ, ಟೈಪ್ ಮಾತ್ರ ಮಾಡ್ತಾರೆ. ಕಂಪ್ಯೂಟರಿನ ಕೀಬೋರ್ಡಿನ ವೈರು ಮಂಚದ ತನಕ ಬರೋದಿಲ್ಲ. ಆಸ್ಪತ್ರೇಲಿ ಪಕ್ಕದವರ ಹತ್ರ ವೈರಿಲ್ಲದ್ದು ಒಂದಿತ್ತು, ಕಂಪ್ಯೂಟರಿಗೆ ಉಗುರಿನಷ್ಟು ರಿಸೀವರ್ ಚುಚ್ಚೋದು. ಅಂಥದ್ದು ತರ್ತೀಯಾ?"

"ಅದೆಲ್ಲ ಯಾಕೆ ಅತ್ತಿಗೆ? ಸಿಸ್ಟಮ್‌ನಲ್ಲೇ ಇದೆ, ಬೇರೇನೂ ಬೇಡ" ಎಂದೆ. ನನ್ನ ಕಸುಬಿನಲ್ಲಿ ಬೇರೆಯವರು ಮೂಗು ತೂರಿಸಿದರೆ ನನಗಾಗುವುದಿಲ್ಲ.

ಹೋಗಿ ಜೋಡಿಸಿದೆ. ಮಂಚ ಹಾಕಿದ್ದುದು ಅದೇ ಮುಂದಿನ ಕೋಣೆಯಲ್ಲಿ. ನೆಲದ ಮೇಲೆ ಟೈಪಿಂಗ್ ಮೇಜುಗಳ ಕಾಲಿನ ಗುರುತುಗಳು ಇನ್ನೂ ಇದ್ದವು. ಕೀಬೋರ್ಡು ಅಣ್ಣನ ತೊಡೆಯ ಮೇಲೆ, ಪರದೆ ಬಂದವರ ಕಡೆಗೆ. ಅವನು ಹೊಡೆಯಬೇಕು, ನಾವು ಓದಬೇಕು. ಅವನಿಗೆ ಪರದೆ ಕಾಣುತ್ತಿರಲಿಲ್ಲ, ಕಂಡಿದ್ದರೂ ನೋಡುವ ಜಾತಿಯಲ್ಲ.

ಅವತ್ತಿನಿಂದ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಹೋಗತೊಡಗಿದೆ. ಹೋಗುತ್ತಿದ್ದುದು ಅವನ ಆರೈಕೆಗೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಕಣ್ಣು ಮುಚ್ಚುವ ಮೊದಲು ಅವನು ಒಂದೇ ಒಂದು ಸಲ ನನ್ನನ್ನು 'ಮರಿ' ಎನ್ನಲಿ ಎಂದು ಕಾಯುತ್ತಿದ್ದೆ. 'ಮರಿ' ಬೇಡ, 'ನೀನು' ಎಂದಿದ್ದರೂ ಸಾಕಿತ್ತು. ಪರದೆಯ ಮೇಲೆ ಬರುತ್ತಿದ್ದುದು ಮಾತ್ರ ಹೀಗೆ:

, ಊಟ ಆಯ್ತಾ

, ಅಂಗಡಿ ಹೇಗೆ ನಡೀತಿದೆ

, ಹೊರಗೆ ಬಿಸಿಲು ಜೋರಾ

'ನೀನು' ಇಲ್ಲ, 'ನೀವು' ಇಲ್ಲ. ಯಾರು ಯಾರನ್ನು ಬೇಕಾದರೂ ಕೇಳಬಹುದಾದ ಮಾತು. ಬಹುವಚನ ಬಿಟ್ಟನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮರುಕ್ಷಣವೇ, ಏಕವಚನವನ್ನೂ ಬೇಕೆಂದೇ ತಪ್ಪಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಅಷ್ಟು ಓದಿ ಉತ್ತರ ಕೊಡುತ್ತಾ ಅದೂ ಇದೂ ಹರಟುತ್ತಿದ್ದೆ. ಅಷ್ಟರಲ್ಲಿ ಕೀಬೋರ್ಡು ಮತ್ತೆ ನಿದ್ದೆ ಹೋಗಿರುತ್ತಿತ್ತು.

ಸಾಲಿನ ಮೊದಲ ಅಲ್ಪವಿರಾಮ ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಮೊದಲು ಹೊಡೆದದ್ದೇನೋ ಬಿದ್ದುಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. 'ಹಾಂ' ಎಂದೋ 'ಸರಿ' ಎಂದೋ ಇರಬೇಕು, ಅದು ಹೋದರೇನು ಎಂದುಕೊಂಡೆ. ಆದರೂ ಕಸುಬಿನ ಮಾನಕ್ಕೆ ಗುದ್ದಾಡಿದೆ. ಸೆಟ್ಟಿಂಗಿನಲ್ಲಿ ಬ್ಯಾಟರಿ ಉಳಿಸುವ ಆಯ್ಕೆಯ ಮುಂದಿನ ಗುರುತು ತೆಗೆದೆ. ಅವನು ಮುಂದಿನ ಸಾಲು ಹೊಡೆಯುವ ಮೊದಲೇ ಅಪ್‌ಡೇಟ್ ಬಂದು ಗುರುತನ್ನು ವಾಪಸ್ ಹಾಕಿತು. ಕೀಬೋರ್ಡ್ ತಯಾರಿಸಿದವರ ಸಾಫ್ಟ್‌ವೇರ್ ಹಾಕಿದೆ, ಸಿಸ್ಟಮ್ ಅದನ್ನು ತಳ್ಳಿ ತನ್ನದನ್ನೇ ಕೂರಿಸಿತು. ಇದನ್ನೆಲ್ಲ ಒಳಗೇ ಇಟ್ಟು ಕಳಿಸಿದ ಮಹಾನುಭಾವರನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಎರಡೆಣಿಸಿ ಹೊಡಿ ಎಂದು ಅಣ್ಣನಿಗೆ ಮಾತ್ರ ಹೇಳಲಿಲ್ಲ. ಟೈಪಿಂಗ್ ಮಾಸ್ತರನಿಗೆ ಕೀ ಒತ್ತುವುದನ್ನು ಹೇಳಿಕೊಡಲು ನನಗೆ ಯಾವ ಮುಖ? ಅವನ ಕಸುಬಿನ ಬಗ್ಗೆ ಒಂದು ಸಲ ಬಾಯಿಬಿಟ್ಟದ್ದಕ್ಕೇ ಹನ್ನೊಂದು ವರ್ಷ ಹೋಗಿತ್ತು. ಅತ್ತಿಗೆ ಹೇಳಿದ ರಿಸೀವರಿನದನ್ನೋ ಉದ್ದದೊಂದು ವೈರನ್ನೋ ತಂದಿದ್ದರೆ ಮುಗಿಯುತ್ತಿತ್ತು. ತಂದರೆ ನಾನು ಸೋತ ಹಾಗೆ.

ಕೊನೆಯ ದಿನ ಅವನಿಗೆ ಕೂರಲು ಆಗಲಿಲ್ಲ. ಅತ್ತಿಗೆ ಕೀಬೋರ್ಡನ್ನು ಅವನ ಕೈಯಡಿ ಇಟ್ಟರು. ಅಣ್ಣ ನನ್ನನ್ನೇ ನೋಡುತ್ತಾ ಟಕ್ ಟಕ್ ಟಕ್ ಎಂದು ಮೂರು ಸಲ ಒತ್ತಿದ. ಕೈ ಅಲ್ಲೇ ನಿಂತಿತು. ನಾನು ಪರದೆ ನೋಡಿದೆ.

"ಏನೂ ಬಂದಿಲ್ಲ ಅಣ್ಣ. ಆಮೇಲೆ ಹೊಡಿ, ಈಗ ಮಲ್ಕೋ" ಎಂದೆ.

ಅವನು ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿದ. ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು.

ತಿಂಗಳು ಕಳೆದ ಮೇಲೆ ಕಂಪ್ಯೂಟರ್ ತೆಗೆದುಕೊಂಡು ಹೋಗಲು ಬಂದೆ. ಅತ್ತಿಗೆ ಹಾಸಿಗೆಯ ಬಟ್ಟೆ ಮಡಚುತ್ತಿದ್ದರು. ನನ್ನ ಮುಖ ನೋಡದೆ ಕೇಳಿದರು.

"ಅವತ್ತು ಏನೂ ಬಂದಿಲ್ಲ ಅಂದ್ಯಲ್ಲ, ಯಾಕಪ್ಪ ಹಾಗಂದೆ? ಅಷ್ಟೊಂದು ಸಿಟ್ಟಾ ಅವರ ಮೇಲೆ?"

"ಬಂದಿರ್ಲಿಲ್ಲ ಅತ್ತಿಗೆ. ಪರದೆ ಖಾಲಿ ಇತ್ತು."

"ಖಾಲಿ ಹೇಗಿರುತ್ತೆ? ಮ, ರ, ಗುಡಿಸು. ನನ್ನ ಕಣ್ಣೆದುರೇ ಹೊಡೆದ್ರು."

"ನೀವು ಪರದೆ ನೋಡಿದ್ರಾ?"

"ನಾನ್ಯಾಕೆ ಪರದೆ ನೋಡ್ಲಿ? ಅವರ ಬೆರಳು ನೋಡಿದ್ರೆ ನಂಗೆ ಓದೋಕೆ ಬರುತ್ತೆ, ಅವರೇ ಕಲಿಸಿದ್ದು." ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ದಿನಾ ಪ್ರತಿ ಸಾಲಿಗೂ ಮೊದ್ಲು ಅದನ್ನೇ ಹೊಡೀತಿದ್ರು. ಮರಿ, ಊಟ ಆಯ್ತಾ. ಮರಿ, ಅಂಗಡಿ ಹೇಗೆ ನಡೀತಿದೆ. ಇಷ್ಟು ಕರೆದ್ರೂ ಇವನು ಓಗೊಡಲ್ವಲ್ಲ, ಇವನ ಎದೆ ಕಲ್ಲಾ ಅಂತ ನಾನು ಅಂದ್ಕೊಳ್ತಿದ್ದೆ."

ಮೂರು ಕೀ. ಮೊದಲ ಮೂರು ಅಕ್ಷರ ಹೋಗುತ್ತವೆ ಎಂದು ಊರಿಗೆಲ್ಲ ಪಾಠ ಹೇಳಿದವನು ನಾನು. ಮನುಷ್ಯ ಮಾತಿಗೆ ಮೊದಲು ಎದುರಿನವನನ್ನು ಕರೆಯುತ್ತಾನೆ ಎನ್ನುವುದು ಆ ಸಿಸ್ಟಮ್ ಮಾಡಿದವರಿಗೆ ಹೊಳೆಯಲಿಲ್ಲ, ಸರಿ. ನನಗೂ ಹೊಳೆಯಲಿಲ್ಲವಲ್ಲ.

ಅತ್ತಿಗೆ ಒಳಗೆ ಹೋದ ಮೇಲೆ ಕಂಪ್ಯೂಟರ್ ಆನ್ ಮಾಡಿ, ಅವನು ಹೊಡೆದದ್ದನ್ನೆಲ್ಲ ತೆರೆದು ನೋಡಿದೆ. ಎರಡು ತಿಂಗಳ ಸಾಲುಗಳು ಒಂದರ ಕೆಳಗೊಂದು ಇದ್ದವು, ಒಂದೊಂದರ ಮೊದಲಲ್ಲೂ ಒಂದು ಅಲ್ಪವಿರಾಮ. ಒಂದೊಂದಕ್ಕೂ ಬಿದ್ದುಹೋದ ಪದ ಸೇರಿಸಿಕೊಂಡು ಗಟ್ಟಿಯಾಗಿ ಓದಿದೆ. "ಆಯ್ತು ಅಣ್ಣ", "ಚೆನ್ನಾಗಿದೆ ಅಣ್ಣ", "ಜೋರಿದೆ ಅಣ್ಣ" ಎಂದು ಒಂದೊಂದಕ್ಕೂ ಓಗೊಟ್ಟೆ. ಹಾಗೆ ಓದುತ್ತಾ ಕೊನೆಗೆ ಬಂದೆ. ಕೊನೆಯ ದಿನ ಕರೆದದ್ದಕ್ಕೆ ಅಲ್ಪವಿರಾಮವೂ ಉಳಿದಿರಲಿಲ್ಲ.